ಅತ್ತ ದೆವ್ವ

ದೆವ್ವದ ಸಿನಿಮಾ ಸರಣಿಯೊಂದರ ಮೊದಲ ಭಾಗವನ್ನು ಕ್ಷೌರದಂಗಡಿಯವನು ಚಿಕ್ಕಂದಿನಲ್ಲಿ ಅಕ್ಕನ ತೊಡೆ ಮೇಲೆ ಕೂತು ನೋಡಿದ್ದ. ಐದು ಭಾಗ ಬಂದರೂ ದೆವ್ವ ಮುಖ ತೋರಿಸಿರಲಿಲ್ಲ. ಅದಕ್ಕೇ ಅವನಿಗೆ ಅದರ ಮೇಲೆ ಪ್ರಾಣ. ಅವನ ತಲೆ ನರೆತ ಮೇಲೆ, ನಿಂತುಹೋಗಿದ್ದ ಸರಣಿಯನ್ನು ಹೊಸದಾಗಿ ಶುರು ಮಾಡುತ್ತಾರೆಂಬ ಸುದ್ದಿ ಬಂತು. "ಮುಖ ಮಾತ್ರ ತೋರಿಸಬಾರದಪ್ಪ," ಎಂದು ಸಿಕ್ಕ ಗಿರಾಕಿಗೆಲ್ಲ ಹೇಳಿದ.

ಹೊಸ ಸಿನಿಮಾ ಬಿಡುಗಡೆಯಾದ ಮೊದಲ ದಿನವೇ ಅಂಗಡಿ ಮುಚ್ಚಿ ಅಕ್ಕನ ಜೊತೆ ಹೋದ. ದೆವ್ವ ಮುಖ ತೋರಿಸಿದ್ದಲ್ಲದೆ, ಬಾಲ್ಯದ ಕಷ್ಟ ಹೇಳಿಕೊಂಡು ಗೊಳೋ ಎಂದು ಅತ್ತಿತು.

ಅವನು ಎದ್ದು ನಿಂತ. "ಏ, ಅಳಬೇಡ! ಹೆದರಿಸು!"

"ಕೂತ್ಕೊಳೋ, ಮರ್ಯಾದೆ ತೆಗೀಬೇಡ," ಅಕ್ಕ ಅಂಗಿ ಜಗ್ಗಿದಳು.

"ನನ್ನ ದೆವ್ವದ ಮರ್ಯಾದೆನೇ ತೆಗೆದಿದ್ದಾರಲ್ಲಕ್ಕಾ!"

ಹೊರಗೆ ಮೈಕು ಹಿಡಿದವಳೊಬ್ಬಳು ಸಿನಿಮಾ ಹೇಗಿತ್ತೆಂದು ಕೇಳಿದಳು.

"ಸತ್ತ ಮೇಲೆ ಆ ನಿರ್ದೇಶಕನ ಮನೆಗೇ ಹೋಗ್ತೀನಿ," ಎಂದು ಅವನು ಹಲ್ಲು ಕಡಿದ. "ದೆವ್ವ ಅಂದ್ರೆ ಏನಂತ ಆಗ ತೋರಿಸ್ತೀನಿ."