ಹೆಬ್ಬಾಳದ ಕೆರೆಯಲ್ಲಿ ಮಗುಚಿದ ದಿನ

ನಿನ್ನೆ ಸಂಜೆ ಯಲಹಂಕದಿಂದ ತಮ್ಮನ ಮಗಳು ಫೋನ್ ಮಾಡಿದಳು. “ಅತ್ತೆ, ಭಾನುವಾರ ನನ್ನ ಮೊದಲ್ನೇ ಹಾಯಿದೋಣಿ ರೇಸು. ಏನಾದ್ರೂ ಟಿಪ್ಸ್ ಹೇಳಿ.” ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ನಾನಾಗಲೇ ಹೆಬ್ಬಾಳದ ಕೆರೆಯಲ್ಲಿದ್ದೆ.

ಎಂಬತ್ತರ ದಶಕದ ಆರಂಭ. ನಾನು ಮತ್ತಿಕೆರೆಯವಳು, ಗೆಳತಿ ನೂರ್‌ಜಹಾನ್ ಆರ್.ಟಿ. ನಗರದವಳು. ಕಾಲೇಜಿನ ನೌಕಾ ಕೆಡೆಟ್ ದಳಕ್ಕೆ ಇಬ್ಬರೂ ಸೇರಿದ್ದು ಆ ಬಿಳಿ ಸಮವಸ್ತ್ರದ ಆಸೆಗೆ. ದೇಶಸೇವೆಯ ವಿಚಾರ ಆಮೇಲೆ ಹೊಳೆದದ್ದು. ಸಮುದ್ರವನ್ನಂತೂ ಇಬ್ಬರೂ ಕಂಡವರಲ್ಲ.

ಮೊದಲ ರೇಸಿಗೆ ಹೆಸರು ಕೊಟ್ಟದ್ದೇ ತಡ, ಬುದ್ಧಿವಾದಗಳ ಸುರಿಮಳೆ. ಗದಗಿನ ಕಡೆಯವಳಾದ ನಮ್ಮವ್ವ, “ಹೊಟ್ಟಿ ತುಂಬ ಉಂಡು ನೀರಿಗಿ ಇಳೀಬ್ಯಾಡವಾ,” ಎಂದು ಹೇಳಿ, ಮರುಕ್ಷಣವೇ ಮತ್ತೊಂದು ರೊಟ್ಟಿ ಬಡಿಸಿದಳು. ನಮ್ಮ ತರಬೇತುದಾರರು, “ಗೆಲ್ಲೋ ಯೋಚನೆ ಬಿಡ್ರಮ್ಮ. ಸೀಟಿ ಊದೋ ತನಕ ಗೆರೆ ದಾಟ್ಬೇಡಿ. ಗಾಳಿ ನೋಡ್ಕೊಳ್ಳಿ. ಏನೇ ಆದ್ರೂ ಮುಗಿಸ್ಕೊಂಡ್ ಬನ್ನಿ,” ಎಂದರು. ನೂರ್‌ಳ ಅಮ್ಮಿಯದು ಬುದ್ಧಿವಾದವಲ್ಲ, ಷರತ್ತು: “ನಾನೂ ಬರ್ತೀನಿ. ನೀರಿಗೆ ಬಿದ್ರೆ ಅವತ್ತಿಗೇ ಎಲ್ಲಾ ಬಂದ್.”

ಅವರು ಬಂದರು ಕೂಡ. ಬುರ್ಖಾ ತೊಟ್ಟು, ಊಟದ ಡಬ್ಬಿ ಹಿಡಿದು, ಏರಿಯ ಮೇಲೆ ನಿಂತಿದ್ದರು.

ನಾವು ಸೀಟಿಗೆ ಮೊದಲೇ ಗೆರೆ ದಾಟಿದೆವು. ವಾಪಸ್ ಕರೆಸಿದರು. ಅಷ್ಟರಲ್ಲಿ ಉಳಿದ ದೋಣಿಗಳು ಮುಂದೆ ಹೋಗಿಬಿಟ್ಟಿದ್ದವು. ಚುಕ್ಕಾಣಿ ನೂರ್‌ಳದು, ಹಾಯಿಯ ಹಗ್ಗ ನನ್ನದು. “ಬೇಗ ಕಣೇ, ಬೇಗ!” ಎಂದು ಅವಳು, “ಹಾಯಿಗೆ ನಾನೇನ್ ಊದ್ಲಾ?” ಎಂದು ನಾನು. ಜಗಳದ ಭರದಲ್ಲಿ ಗಾಳಿ ದಿಕ್ಕು ಬದಲಿಸಿದ್ದನ್ನು ಯಾರೂ ನೋಡಲಿಲ್ಲ. ಹಾಯಿ ದಢಕ್ಕನೆ ಆಚೆ ತಿರುಗಿತು, ದೋಣಿ ಮಗುಚಿತು. ಅದೂ ಸರಿಯಾಗಿ ಅಮ್ಮಿಯ ಎದುರಿಗೇ.

ತೇಲುವ ಜಾಕೆಟ್ ಇದ್ದುದರಿಂದ ಮುಳುಗಲಿಲ್ಲ. ನೀರಿನಿಂದ ತಲೆಯೆತ್ತಿದ ನೂರ್ ದೋಣಿಯನ್ನು ನೋಡಲಿಲ್ಲ, ದಡವನ್ನು ನೋಡಿದಳು. “ಮುಗೀತು ಕಣೇ, ಇನ್ನು ಅಮ್ಮಿ ಬಿಡಲ್ಲ,” ಎಂದಳು.

ಆಗ ಏರಿಯಿಂದ ಕೂಗು ಕೇಳಿತು. “ಖೀಂಚೋ! ಜೋರ್ ಸೆ ಖೀಂಚೋ! ಎಳೀರೇ, ಎಳೀರಿ!” ಅಮ್ಮಿ ಡಬ್ಬಿ ಕೆಳಗಿಟ್ಟು, ಎರಡೂ ಕೈಯಲ್ಲಿ ಕಾಣದ ಹಗ್ಗವೊಂದನ್ನು ಎಳೆಯುತ್ತಿದ್ದರು. ನಾವು ಮಗುಚಿದ ದೋಣಿಯ ಅಡಿಯಿಂದ ಚಾಚಿಕೊಂಡಿದ್ದ ಹಲಗೆಯ ಮೇಲೆ ಹತ್ತಿ ನಿಂತು, ಹಗ್ಗ ಹಿಡಿದು, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆದೆವು. ಅವ್ವನ ರೊಟ್ಟಿಗಳು ಅಂದು ಕೆಲಸಕ್ಕೆ ಬಂದವು. ದೋಣಿ ಎದ್ದಿತು.

ಎಲ್ಲರಿಗಿಂತ ಕೊನೆಗೆ ದಡ ಸೇರಿದೆವು. ನೂರ್ ತಲೆ ತಗ್ಗಿಸಿ ನಿಂತಳು. ಅಮ್ಮಿ ಅವಳ ಕೂದಲಿಗೆ ಸಿಕ್ಕಿಕೊಂಡಿದ್ದ ಪಾಚಿಯನ್ನು ಬಿಡಿಸುತ್ತ, “ಬಿದ್ದಿದ್ದೂ ನೋಡ್ದೆ, ಎದ್ದಿದ್ದೂ ನೋಡ್ದೆ. ಮುಂದಿನ ಸಲ ಇನ್ನೊಂದು ಜೊತೆ ಬಟ್ಟೆ ತನ್ನಿ,” ಎಂದರು. ಮುಂದಿನ ಸಲ! ನೂರ್ ನನ್ನ ಕೈಯನ್ನು ಹಿಂಡಿದ ರಭಸಕ್ಕೆ ಬಳೆ ಒಡೆಯಿತು.

ನೋಡಿ, ಸೋತದ್ದಕ್ಕೆ ಅಷ್ಟು ಖುಷಿಪಟ್ಟವರು ಆ ಕೆರೆಯಲ್ಲಿ ಬೇರೆ ಯಾರೂ ಇದ್ದಿರಲಾರರು.

ನಿನ್ನೆ ರಾತ್ರಿ ಊಟವಾದ ಮೇಲೆ ತಮ್ಮನ ಮಗಳಿಗೆ ಫೋನ್ ಮಾಡಿದೆ. ಗಾಳಿ, ಹಗ್ಗ, ಚುಕ್ಕಾಣಿ ಎಂದು ಒಂದಿಷ್ಟು ಹೇಳಲು ಸಿದ್ಧವಾಗಿದ್ದೆ. ಬಾಯಿಂದ ಬಂದದ್ದೇ ಬೇರೆ:

“ಶನಿವಾರವೇ ಒಂದ್ಸಲ ಬೇಕೂಂತ್ಲೇ ಬಿದ್ದು ಎದ್ದು ಕಲ್ತ್ಕೋ. ಭಾನುವಾರ ನಾನೂ ಬರ್ತೀನಿ. ಎಲ್ಲಿ ನಿಂತು ಕೂಗಿದ್ರೆ ನಿಂಗೆ ಕೇಳ್ಸತ್ತೆ, ಅಷ್ಟು ಹೇಳು.”