ನಿಂಗಣ್ಣ ಕೇಳಿದ ಇನ್ನೂರು ಎಲೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಹೊಳಲಿನ ನಮ್ಮ ತೋಟದಿಂದ ಮಂಡ್ಯದ ಮೆಸ್ಸಿಗೆ ಇನ್ನೂರು ಬಾಳೆಲೆ ಕೊಟ್ಟೆ. ಕೇಳಿದ್ದೂ ಅಷ್ಟೇ. ಆದರೂ ಮೆಸ್ಸಿನ ನಿಂಗಣ್ಣ ರೇಗಿದ.

"ಇಷ್ಟೊಂದು ಯಾಕ್ಲಾ ತಂದೆ?"

"ನೀನೇ ಕೇಳಿದ್ದಲ್ವಾ?"

"ಊಟಕ್ಕೆ ಎಷ್ಟು ಜನ ಬತ್ತಾರೋ ಯಾರಿಗ್ಗೊತ್ತು? ಎಷ್ಟೇ ಬಂದ್ರೂ ನೂರು ಸಾಕು. ನೀನು ದಿನಾ ಅರ್ಧ ತತ್ತೀಯ ಅಂತ ಡಬಲ್ ಕೇಳ್ತೀನಿ ಕಣ್ಲಾ."

"ನೀನು ಡಬಲ್ ಕೇಳ್ತೀಯ, ಮಿಕ್ಕಿದ್ದು ಬಾಡೋಯ್ತದೆ ಅಂತ್ಲೇ ನಾನು ಅರ್ಧ ತರೋದು. ಇವತ್ತೊಂದಿನ ನಿನ್ ಮಾತು ನಂಬಿದೆ ನೋಡು!"

ಇಬ್ಬರೂ ನಕ್ಕೆವು. ಇನ್ಮೇಲೆ ನಿಜಾನೇ ಹೇಳ್ಕೊಳ್ಳೋಣ ಅಂತ ಮಾತಾಯ್ತು.

ಸಂಜೆ ಅವನೇ ಫೋನ್ ಮಾಡಿದ. "ನಾಳೆ ನೂರೇಯ. ನಿಜವಾಗ್ಲೂ ಕಣ್ಲಾ."

ಕುಡುಗೋಲು ಹಿಡಿದು ತೋಟಕ್ಕೆ ಹೋದೆ. ಐವತ್ತನೇ ಎಲೆ ಕೊಯ್ದ ಮೇಲೆ ಕೈ ತಾನಾಗೇ ನಿಂತುಬಿಡ್ತು.