ನಾನು ತಿರುಗಿಸಿದ ಅರ್ಧ ಸುತ್ತು

ಅವರ ಎಡಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಲಾರಿಯ ಗೇರ್‌ಬಾಕ್ಸ್ ಇಳಿಸುವಾಗ ಹೋದ ಉಗುರು ಮತ್ತೆ ಬೆಳೆದಿರಲಿಲ್ಲ. ಉಳಿದ ಒಂಬತ್ತು ಬೆರಳುಗಳ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕರಿ. ಆ ಒಂದು ಬೆರಳ ತುದಿ ಮಾತ್ರ ನುಣ್ಣಗೆ, ಕೆಂಪಗೆ. ಗಾಡಿಯ ಯಾವ ಭಾಗ ಕೈಗೆ ಬಂದರೂ ಮೊದಲು ಅದೇ ಬೆರಳನ್ನು ಅದರ ಮೇಲೆ ಸವರುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ಅದಕ್ಕೆ ಸಿಗುತ್ತಿತ್ತು. "ಉಗುರಿದ್ದ ಬೆರಳಿಗೆ ಇಷ್ಟ ತಿಳೀಯಂಗಿಲ್ರಿ ಸಾಹೇಬ್ರ" ಎಂದು ನಗುತ್ತಿದ್ದರು.

ಖಾನಾಪುರದಲ್ಲಿ ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ದನದ ಡಾಕ್ಟರು. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಕೆಲಸ ಖಾನಾಪುರ ತಾಲ್ಲೂಕಿನ ಕಾಡಿನೊಳಗಿನ ಹಳ್ಳಿಗಳಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಬೇರೆ ಯಾವ ಗಾಡಿಯೂ ಹೋಗದು ಎಂದು ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದೆ. ಹನ್ನೊಂದು ವರ್ಷ ಆ ಜೀಪನ್ನು ಚಾಚಾ ಬಿಟ್ಟು ಬೇರೆಯವರು ಮುಟ್ಟಿರಲಿಲ್ಲ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಗ್ಯಾರೇಜು ಅವರದು. ಮನೆಯಲ್ಲಿ ಉರ್ದು, ಗಿರಾಕಿಯೊಡನೆ ಅವನ ಮುಖ ನೋಡಿ ಮರಾಠಿ ಇಲ್ಲವೇ ಕನ್ನಡ. ಕೆಲಸ ಮುಗಿದ ಮೇಲೆ ಬಿಗಿದ ಪ್ರತಿ ಮುಖ್ಯ ನಟ್ಟಿನ ಮೇಲೂ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ಅವರ ರೂಢಿ. ನಟ್ಟು ಅಲುಗಿದರೆ ಗೆರೆ ಎರಡು ತುಂಡಾಗುತ್ತದೆ, ಯಾರಿಗಾದರೂ ತಿಳಿಯುತ್ತದೆ. ಅವಸರ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅವಸರ ಇದ್ದಾವ್ರು ಬಸ್ಸಿಗೆ ಹೋಗ್ರಿ" ಎಂದು ನೇರವಾಗಿ ಹೇಳಿಬಿಡುತ್ತಿದ್ದರು.

ಎರಡು ವರ್ಷದ ಹಿಂದೆ ಜೀಪಿನ ಸ್ಟೇರಿಂಗು ಸಡಿಲಾಯಿತು. ಕೈಯಲ್ಲಿ ಹಿಡಿದ ಚಕ್ರ ನಾಲ್ಕು ಬೆರಳು ತಿರುಗಿದ ಮೇಲೆ ಗಾಲಿ ಅಲುಗುತ್ತಿತ್ತು. ಚಾಚಾ ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡರು.

"ಸ್ಟೇರಿಂಗ್ ಬಾಕ್ಸ್ ಒಳಗ ಸವದೈತ್ರಿ. ಬದಲಿ ಮಾಡಬೇಕ."

"ಎಷ್ಟು ದಿನ ಬೇಕು?"

"ಹೊಸಾದು ಬರಾಕ ಎಂಟು ದಿನ. ಅಲ್ಲೀ ತನಕ ಗಾಡಿ ತಗೀಬ್ಯಾಡ್ರಿ."

ಎಂಟು ದಿನ ಗಾಡಿ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ. ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವ ಸಮಯ. ಬಾಕ್ಸಿನ ಮೇಲೊಂದು ಸ್ಕ್ರೂ ಇರುತ್ತದೆ, ಅದನ್ನು ಬಿಗಿದರೆ ಸಡಿಲು ಕಡಿಮೆಯಾಗುತ್ತದೆ ಎಂದು ನನಗೂ ಗೊತ್ತಿತ್ತು. ಅಷ್ಟಾದರೂ ಮಾಡಿಕೊಡಿ ಎಂದು ಹಟ ಹಿಡಿದೆ. ಅವರು ಒಲ್ಲದ ಮನಸ್ಸಿನಿಂದ ಕಾಲು ಸುತ್ತು ತಿರುಗಿಸಿ, ನಟ್ಟು ಬಿಗಿದು, ಹಳದಿ ಗೆರೆ ಎಳೆದರು. "ಇದರ ಮ್ಯಾಲ ಒಂದ ಎಳಿನೂ ತಿರುವಬಾರ್ದು. ಹೆಚ್ಚ ಬಿಗಿ ಆದ್ರ ಸ್ಟೇರಿಂಗ್ ಹಿಡಕೊಂಡ ಬಿಡತೈತಿ. ಸಾವಕಾಶ ಹೋಗ್ರಿ" ಎಂದರು.

ಮರುದಿನ ರವಿವಾರ. ಅಕ್ಕನ ಜೊತೆ ಕೆಲಸ ಮಾಡುವ ಶಿಕ್ಷಕಿಯೊಬ್ಬರದು ಜಾಂಬೋಟಿಯ ಹತ್ತಿರ ಹೊಸ ಮನೆಯ ಪೂಜೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಂಡನೊಡನೆ ಶಿವಬಸವ ನಗರದಲ್ಲಿ ಇರುತ್ತಾಳೆ. ಅವಳನ್ನು ಕರೆದುಕೊಂಡು ಹೋಗುತ್ತೇನೆಂದು ನಾನೇ ಹೇಳಿದ್ದೆ. ಹೊರಡುವ ಮುಂಚೆ ಅಂಗಳದಲ್ಲಿ ಚಕ್ರ ಅಲುಗಿಸಿ ನೋಡಿದೆ. ಇನ್ನೂ ಸ್ವಲ್ಪ ಸಡಿಲು ಇತ್ತು. ಪಾನಾ ಮತ್ತು ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ನಟ್ಟು ಸಡಿಲಿಸಿ ಆ ಸ್ಕ್ರೂವನ್ನು ಇನ್ನೂ ಅರ್ಧ ಸುತ್ತು ಬಿಗಿದೆ. ಎರಡು ನಿಮಿಷದ ಕೆಲಸ. ಯಾರೂ ನೋಡಲಿಲ್ಲ.

ಕಿಣಯೆ ದಾಟಿ ಕಾಡು ಶುರುವಾದ ಮೇಲೆ ಒಂದು ಎಡತಿರುವು ಬಂತು. ತಿರುಗಿಸಿದ ಚಕ್ರ ತಾನಾಗಿ ನೆಟ್ಟಗಾಗಬೇಕಿತ್ತು, ಆಗಲಿಲ್ಲ. ಎರಡೂ ಕೈಯಿಂದ ಎಳೆದೆ. ಬಾಕ್ಸು ಹಿಡಿದುಕೊಂಡಿತ್ತು. ಜೀಪು ರಸ್ತೆ ಬಿಟ್ಟು ಇಳಿದು, ಅಕ್ಕ ಕುಳಿತಿದ್ದ ಬದಿಯಿಂದಲೇ ಒಂದು ಮತ್ತಿಮರಕ್ಕೆ ಬಡಿಯಿತು.

ಅಕ್ಕನ ಎಡ ಭುಜದ ಮೂಳೆ ಮೂರು ಕಡೆ ಮುರಿದಿತ್ತು. ಅವಳು ಎಡಗೈಯಲ್ಲಿ ಬರೆಯುವವಳು. ಆಪರೇಷನ್ ಆದ ಮೇಲೂ ಆ ಕೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ಈಗಲೂ ಅವಳು ಕಪ್ಪು ಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಲೆಕ್ಕ ಬಿಡಿಸುತ್ತಾಳೆ.

ಜೀಪನ್ನು ಎಳೆಸಿ ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದೆವು. ಸುದ್ದಿ ತಿಳಿದು ಮೂರನೇ ದಿನ ಚಾಚಾ ಬಂದರು. ಆಗ ಭಾವ ಅಲ್ಲೇ ಇದ್ದರು, ಆಸ್ಪತ್ರೆಯಿಂದ ಬಂದು ನೇರ ಅಂಗಳದಲ್ಲಿ ನಿಂತಿದ್ದರು. ಸ್ಟೇರಿಂಗು ಹಿಡಿದುಕೊಂಡಿತೆಂದಷ್ಟೇ ನಾನು ಅವರಿಗೆ ಹೇಳಿದ್ದೆ. ಚಾಚಾ ಬಾನೆಟ್ ಎತ್ತಿ ಬಗ್ಗಿ ನೋಡಿದರು. ಹಳದಿ ಗೆರೆ ಎರಡು ತುಂಡಾಗಿತ್ತು. ಅವರು ಅದನ್ನು ನೋಡಿದ್ದನ್ನು ನಾನು ನೋಡಿದೆ. ತಲೆ ಎತ್ತಿ ಒಂದು ಸಲ ನನ್ನ ಮುಖ ನೋಡಿದರು.

"ಈ ಸ್ಟೇರಿಂಗ್ ನೀನ ಬಿಗಿ ಮಾಡಿದ್ದೇನ?" ಎಂದು ಭಾವ ಕೇಳಿದರು. ತಮಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಅವರು ಏಕವಚನದಲ್ಲಿ ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಚಾಚಾ ಬಾನೆಟ್ಟನ್ನು ಮೆಲ್ಲಗೆ ಇಳಿಸಿದರು. "ಹೌದ್ರಿ. ನಾನ ಮಾಡಿದ್ದೆ."

"ಕಣ್ಣ ಕಾಣಸದಿದ್ರ ಮನ್ಯಾಗ ಕುಂದರಬೇಕು. ಮಂದಿ ಜೀವಾ ತಗೀತಿ ಏನು?"

ನಾನು ಬಾಯಿ ತೆರೆಯಬೇಕಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಅಕ್ಕ, ಎದುರಿಗೆ ಭಾವನ ಮುಖ, ಅರ್ಧ ಸುತ್ತು. ಇವತ್ತು ಬೇಡ, ನಾಳೆ ಹೇಳೋಣ ಎಂದುಕೊಂಡೆ. ಚಾಚಾ ಕೈಚೀಲ ಎತ್ತಿಕೊಂಡು ಗೇಟು ದಾಟಿ ಹೋದರು.

ಆ ನಾಳೆ ಬರಲೇ ಇಲ್ಲ. ಭಾವ ಸಿಕ್ಕವರಿಗೆಲ್ಲ ಹೇಳಿದರು. ಮಾತು ಖಾನಾಪುರ ಮುಟ್ಟಲು ಒಂದು ವಾರ ಸಾಕಾಯಿತು. ಹಳ್ಳಿಗಳಿಗೆ ಜನರನ್ನು ಸಾಗಿಸುವ ಜೀಪಿನ ಡ್ರೈವರುಗಳು ಬ್ರೇಕು, ಸ್ಟೇರಿಂಗಿನ ಕೆಲಸವನ್ನು ಚಾಚಾನ ಹತ್ತಿರ ಒಯ್ಯುವುದು ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ಗ್ಯಾರೇಜಿನ ಶಟರ್ ಇಳಿದಿದೆ ಎಂದು ತಿಳಿಯಿತು. ಆ ರಸ್ತೆಯಲ್ಲಿ ನಾನು ಬೈಕು ಓಡಿಸುವುದನ್ನು ನಿಲ್ಲಿಸಿ, ಸುತ್ತಿಬಳಸಿ ಹೋಗತೊಡಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ನಮ್ಮ ಗೇಟಿನಲ್ಲಿ ನಿಂತಿದ್ದರು. ರೈಲಿಗೆ ಬಂದು, ಸ್ಟೇಷನ್ನಿನಿಂದ ಸಾಮಾನಿನ ಚೀಲ ಹೊತ್ತು ನಡೆದಿದ್ದರು. "ಗಾಡಿ ಹಿಂಗ ನಿಂತ್ರ ತುಕ್ಕ ಹಿಡಿದು ಹೋಗತೈತ್ರಿ. ಬಾಕ್ಸ್ ತರಸೀರಿ?" ತರಿಸಿದ್ದೆ. ಮುರಿದ ಬದಿಯ ತಗಡಿನ ಕೆಲಸವನ್ನೂ ಮಾಡಿಸಿದ್ದೆ. ಬಾಕ್ಸನ್ನು ಹಾಕಿಸಲು ಮಾತ್ರ ಯಾರನ್ನೂ ಕರೆದಿರಲಿಲ್ಲ.

"ನನ್ನ ಕೈ ಈಗ ನಡುಗತಾವು. ನಾ ಹೇಳತೀನಿ, ನೀವ ಮಾಡ್ರಿ" ಎಂದು ಒಂದು ಸ್ಟೂಲು ಕೇಳಿ ಗಾಡಿಯ ಪಕ್ಕದಲ್ಲಿ ಕುಳಿತರು.

ಮುಂದಿನ ಗಾಲಿಗಳನ್ನು ಎತ್ತಿ, ಜಾಕಿನ ಮೇಲೆ ಭರವಸೆ ಇಡದೆ ಗಟ್ಟಿ ಸ್ಟ್ಯಾಂಡ್ ಕೊಡಿಸಿದರು. ಹಳೆ ಎಣ್ಣೆ ಇಳಿಸಿ, ಎರಡು ಪೈಪು ಬಿಚ್ಚಿಸಿದರು. ಗಾಲಿಗಳತ್ತ ಹೋಗುವ ಕಬ್ಬಿಣದ ತೋಳು ಬಾಕ್ಸಿಗೆ ಕಚ್ಚಿಕೊಂಡು ಕೂತಿತ್ತು. ಸುತ್ತಿಗೆ ಎತ್ತಿದೆ. "ಹೊಡೀಬ್ಯಾಡ್ರಿ. ಪುಲ್ಲರ್ ಹಾಕಿ ಸಾವಕಾಶ ಎಳೀರಿ, ತಾನ ಬಿಡತೈತಿ." ಅದು ಬಿಡಲು ಮುಕ್ಕಾಲು ಗಂಟೆ ಹಿಡಿಯಿತು. ಹೊಸ ಬಾಕ್ಸ್ ಭಾರ. ನಾನು ಕೆಳಗೆ ಮಲಗಿ ಎದೆಯ ಮೇಲೆ ಇಟ್ಟುಕೊಂಡು ಎತ್ತಿ ಹಿಡಿಯುವಾಗ ಅವರು ನಡುಗುವ ಕೈಯಿಂದಲೇ ಮೊದಲ ಬೋಲ್ಟನ್ನು ತೂರಿಸಿದರು. ಅದಕ್ಕೂ ಮೊದಲು ಬಾಕ್ಸನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಸುತ್ತು ಎಣಿಸಿ, ಸರಿಯಾಗಿ ನಡುವಿಗೆ ತಂದು ನಿಲ್ಲಿಸಲು ಹೇಳಿದ್ದರು. "ನಡು ತಪ್ಪಿದ್ರ ಗಾಡಿ ಒಂದ ಕಡೆ ಹೆಚ್ಚ ತಿರಗತೈತಿ, ಒಂದ ಕಡೆ ತಿರಗಂಗಿಲ್ಲ."

ನಾನು ಕೆಳಗೇ ಮಲಗಿದ್ದೆ. ಅವರ ಮುಖ ಕಾಣುತ್ತಿರಲಿಲ್ಲ, ಚಪ್ಪಲಿ ಮಾತ್ರ ಕಾಣುತ್ತಿತ್ತು. ಆ ಚಪ್ಪಲಿಗೆ ಹೇಳಿದೆ.

"ಚಾಚಾ, ಆವತ್ತು ನಾನೇ ಅರ್ಧ ಸುತ್ತು ಬಿಗಿದಿದ್ದೆ."

"ಗೊತ್ತೈತ್ರಿ."

"ಮತ್ತ ಯಾಕ ಒಪ್ಪಿಕೊಂಡ್ರಿ?"

"ಅಕ್ಕಾರು ದವಾಖಾನ್ಯಾಗಿದ್ರು. ಆ ಹೊತ್ತಿನ್ಯಾಗ ನಿಮ್ಮ ಹೆಸರ ಹೇಳಿದ್ರ ನಿಮ್ಮ ಮನಿ ಒಡೀತಿತ್ತು. ನಾ ಹೊರಗಿನಾಂವ, ನನಗ ಬೈದ್ರ ಏನಾತು ಅಂದೆ. ಎರಡ ದಿನ ಆದ ಮ್ಯಾಲ ನೀವ ಹೇಳತೀರಿ ಅನಕೊಂಡಿದ್ದೆ." ಚಪ್ಪಲಿ ಅಲುಗಲಿಲ್ಲ. "ಖರೇ ಹೇಳತೀನಿ ಸಾಹೇಬ್ರ, ದಿನಾ ಹಾದಿ ನೋಡಿದ್ನಿ."

"ತಪ್ಪಾತು ಚಾಚಾ."

"ನನಗ ಹೇಳಿ ಏನ ಮಾಡತೀರಿ? ನನಗ ಗೊತ್ತಿದ್ದದ್ದ ಅದು. ಗೊತ್ತಿಲ್ಲದಾವ್ರಿಗೆ ಹೇಳ್ರಿ."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಎಣ್ಣೆ ಹಾಕಿ, ಎತ್ತಿದ ಗಾಲಿಗಳನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತ, ಎಣ್ಣೆಯಲ್ಲಿನ ನೊರೆ ಪೂರ್ತಿ ಇಳಿಯುವವರೆಗೆ ನನ್ನನ್ನು ಕಾಯುವಂತೆ ಮಾಡಿದರು. ಊಟಕ್ಕೆ ನಿಲ್ಲಿ ಎಂದರೆ ನಿಲ್ಲಲಿಲ್ಲ. ಸ್ಟೇಷನ್ನಿಗೆ ಅದೇ ಜೀಪಿನಲ್ಲಿ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವರು ನನ್ನ ಕೈಯನ್ನು, ಚಕ್ರವನ್ನು ನೋಡುತ್ತಿದ್ದರು. "ಛಲೋ ಆಗೈತಿ" ಎಂದಷ್ಟೇ ಹೇಳಿ ಇಳಿದರು.

ಈ ಸಲವಾದರೂ ಹೇಳಬೇಕಿತ್ತು. ಅಕ್ಕನ ಭುಜ ಆಗಷ್ಟೇ ಸ್ವಲ್ಪ ಅಲುಗುತ್ತಿತ್ತು. ಭಾವ ನನ್ನೊಡನೆ ಮೊದಲಿನಂತೆ ನಗುತ್ತಿದ್ದರು. ಸಂಕ್ರಾಂತಿ ಆಗಲಿ ಎಂದೆ, ಅವಳ ಶಾಲೆಯ ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿಯುವ ಮುಂಚೆ ಒಂದು ಶುಕ್ರವಾರ, ನಮಾಜಿಗೆ ಹೊರಟ ಚಾಚಾ ಮನೆಯ ಹೊಸ್ತಿಲಲ್ಲಿ ಕುಸಿದರಂತೆ. ನನಗೆ ಸುದ್ದಿ ಬಂದದ್ದು ಶನಿವಾರ, ಮಣ್ಣಾದ ಮೇಲೆ.

ಖಾನಾಪುರಕ್ಕೆ ಹೋದೆ. ಅವರ ಮಗಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟಳು. ಏನೂ ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದೆ. ಅವಳು ಗೋಡೆಗೆ ಒರಗಿ ನಿಂತು ಕೇಳಿದಳು.

"ನಮ್ಮ ಅಬ್ಬಾ ನಮಗೂ ಹೇಳಲಿಲ್ರಿ" ಎಂದಳು ಕೊನೆಗೆ. "ಮಂದಿ ಅಂದದ್ದ ಖರೇ ಅಂತ ತಿಳಕೊಂಡಿದ್ವಿ. ಗ್ಯಾರೇಜಿನ ಚಾವಿ ಅವರ ಕೈಯಾಗಿಂದ ಕಸಗೊಂಡಾಕಿ ನಾನರಿ. ನಿಮಗ ವಯಸ್ಸಾತು, ಇನ್ನ ಯಾರದರ ಜೀವಾ ಹೋಗೂದ ಬ್ಯಾಡ ಅಂತ ಬೈದಿದ್ದೆ. ಸುಮ್ನ ಕೊಟ್ರು."

ಅವಳು ಬಾಗಿಲ ಕಡೆ ಕೈ ತೋರಿಸಿದಳು. ಹೊರಗೆ ಬೆಂಚಿನ ಮೇಲೆ ಏಳೆಂಟು ಜೀಪು ಡ್ರೈವರುಗಳು ಕುಳಿತಿದ್ದರು. "ಡಾಕ್ಟರ್‌ಸಾಬ್, ನನಗ ಹೇಳಿದಂಗ ಅವರಿಗೂ ಹೇಳ್ರಿ. ಈಗ ಹೇಳ್ರಿ."

ಹೋಗಿ ಹೇಳಿದೆ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಯಾರೂ ಬೈಯಲಿಲ್ಲ. ಒಬ್ಬ ಎದ್ದು ನನ್ನ ಹತ್ತಿರದಿಂದ ದೂರ ಹೋಗಿ ನಿಂತ.

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಬಂದೆ. ಭಾವ ಕೇಳಿ ಎದ್ದು ಒಳಗೆ ಹೋದರು. ಇವತ್ತಿಗೂ ಅವರು ನನ್ನೊಡನೆ ಮಾತಾಡುವುದು ಬೇಕಾದಷ್ಟೇ. ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಪೆನ್ನು ಕೆಳಗಿಟ್ಟಳು. ತನ್ನ ಭುಜದ ಮಾತನ್ನು ಅವಳು ಎತ್ತಲಿಲ್ಲ.

"ಅವರು ದವಾಖಾನಿಗೆ ಎರಡು ಸಲ ಬಂದಿದ್ರೋ" ಎಂದಳು. "ಹಣ್ಣು ತಂದಿದ್ರು. ನಾ ಗ್ವಾಡಿ ಕಡೆ ಮಾರಿ ಮಾಡಿ ಮಲಕೊಂಡೆ. ಬಾಗಲದಾಗ ಭಾಳ ಹೊತ್ತು ನಿಂತಿದ್ರು."